ಬಸುರಿ ಇರುವ ಮನೆಗೆ ವಯರು ಎಳೆದದ್ದು

ಮನೆ ಬದಲಾಯಿಸುತ್ತಿದ್ದೇನೆ, ಯಾವ ಇಂಟರ್ನೆಟ್ ಹಾಕಿಸಲಿ ಎಂದು ಕೇಳಿದರೆ ಜನ ಸ್ಪೀಡಿನ ಲೆಕ್ಕ ಹೇಳುತ್ತಾರೆ, ಯಾವುದರ ಜೊತೆ ಯಾವ ಸಿನಿಮಾ ಆ್ಯಪು ಪುಕ್ಕಟೆ ಎಂದು ಹೇಳುತ್ತಾರೆ. ನನ್ನನ್ನು ಕೇಳಿದರೆ ನಾನು ತಿರುಗಿ ಕೇಳುವ ಪ್ರಶ್ನೆಗಳೇ ಬೇರೆ. ಕಂಬ ರಸ್ತೆಯ ಯಾವ ಕಡೆ ಇದೆ? ಗೋಡೆ ಯಾರದು? ಮನೆಯಲ್ಲಿ ಬಸುರಿ ಹೆಂಗಸು ಇದ್ದಾಳಾ? ಕೇಳಲು ಬಂದವರು ನನ್ನ ಮುಖ ನೋಡುತ್ತಾರೆ. ನೋಡಲಿ, ನನಗೇನು.

ನನ್ನ ಹೆಂಡತಿಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ. ಅವಳ ಅಕ್ಕನಿಗೂ ಅಷ್ಟೆ. ಇಬ್ಬರೂ ಒಂದೇ ಹಾಸ್ಟೆಲಿನಲ್ಲಿ ಬೆಳೆದು ಕೈಮಾತು ಕಲಿತವರು. ಹೆಣ್ಣು ಸಿಗುವುದೇ ಕಷ್ಟವಾಗಿರುವ ನಮ್ಮ ಕಡೆ, ಫ್ಯಾಕ್ಟರಿಯಲ್ಲಿ ಪಾಳಿ ಮಾಡುವ ನನ್ನಂಥವನಿಗೆ ಸಿಕ್ಕಿದ್ದೇ ಪುಣ್ಯ ಎಂದು ನೆಂಟರು ಮದುವೆಯೂಟ ಉಂಡು ಹೋದರು. ನಾನು ಒಪ್ಪಿದ್ದು ಆ ಕಾರಣಕ್ಕಲ್ಲ. ಹೆಣ್ಣು ನೋಡಲು ಹೋದ ದಿನ ಅಕ್ಕತಂಗಿಯರು ನಮ್ಮೆಲ್ಲರ ಎದುರಿನಲ್ಲೇ ನಮ್ಮನ್ನು ಕೈಯಲ್ಲಿ ಆಡಿಕೊಂಡು ನಗುತ್ತಿದ್ದರು. ಏನು ಆಡಿಕೊಳ್ಳುತ್ತಿದ್ದಾರೆ ಎಂದು ತಿಳಿಯಬೇಕು ಅನಿಸಿತು. ಮದುವೆಯಾದ ಮೇಲೆ ಕಲಿತೆ. ಇವತ್ತಿಗೂ ನನ್ನ ಕೈಮಾತು ಪೇಟೆಯವರ ಕನ್ನಡದ ಹಾಗೆ ತೊದಲುತ್ತದೆ ಎಂದು ಅವಳ ದೂರು.

ಆಗ ನಾವಿದ್ದದ್ದು ಮಳವಳ್ಳಿಯಲ್ಲಿ, ಮಹಡಿ ಮೇಲಿನ ಬಾಡಿಗೆ ಮನೆಯಲ್ಲಿ. ಅಕ್ಕ ಬೆಳಕವಾಡಿಯಲ್ಲಿ. ಹಾಸಿಗೆ ಹಿಡಿದ ತಾಯಿಯನ್ನು ಅವಳೇ ನೋಡಿಕೊಳ್ಳುತ್ತಿದ್ದುದರಿಂದ ಮನೆ ಬಿಟ್ಟು ಕದಲುವ ಹಾಗಿರಲಿಲ್ಲ. ಆದರೆ ದೂರ ಅನ್ನುವುದೇ ಇರಲಿಲ್ಲ. ಬೆಳಿಗ್ಗೆ ನಾನು ಬೈಕು ಹತ್ತಿದ ಕೂಡಲೇ ಇವಳು ಫೋನನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿ ಅಕ್ಕನಿಗೆ ವಿಡಿಯೊ ಕಾಲ್ ಹಚ್ಚುತ್ತಿದ್ದಳು. ಅದು ಸಂಜೆಯ ತನಕ ಆರುತ್ತಿರಲಿಲ್ಲ. ಅಲ್ಲಿ ಅಕ್ಕ ರಾಗಿ ಕೇರುತ್ತಿದ್ದರೆ ಇಲ್ಲಿ ಇವಳು ರವಿಕೆ ಹೊಲಿಯುತ್ತಿದ್ದಳು. ನಡುನಡುವೆ ಕೈ ಬಿಡುವಾದಾಗ ಮಾತು. ಮೊಬೈಲಿನ ದಿನದ ಡೇಟಾ ಇದಕ್ಕೆ ಎಲ್ಲಿ ಸಾಕಾಗಬೇಕು? ಅದಕ್ಕೇ ಮನೆಗೆ ಇಂಟರ್ನೆಟ್ ಹಾಕಿಸಿದ್ದು, ಅದೂ ಅವಳ ಹೆಸರಿನಲ್ಲಿ. ಬೇರೆಯವರಿಗೆ ಅದು ಸಿನಿಮಾ ನೋಡುವ ವಯರು. ನಮ್ಮ ಮನೆಯಲ್ಲಿ ಅದು ಮಾತು.

ಮೊದಲ ಮಗು ಆರನೇ ತಿಂಗಳಲ್ಲಿ ಹೋಯಿತು. ಅದರ ಬಗ್ಗೆ ಇಲ್ಲಿ ಬರೆಯುವುದಿಲ್ಲ. ಎರಡನೆಯದು ನಿಂತಾಗ ಮಂಡ್ಯದ ಡಾಕ್ಟರಮ್ಮ ಖಡಾಖಂಡಿತ ಹೇಳಿದರು: ಮೆಟ್ಟಿಲು ಹತ್ತಬಾರದು, ಎದ್ದು ಓಡಾಡಬಾರದು, ಹೆರಿಗೆಯ ತನಕ ಮಲಗಿಯೇ ಇರಬೇಕು, ನೋವು ಬಂದರೆ ಅರ್ಧ ಗಂಟೆಯೊಳಗೆ ನನ್ನ ಕಣ್ಣೆದುರು ಇರಬೇಕು. ಮಳವಳ್ಳಿಯ ಮಹಡಿ ಮನೆಯಿಂದ ಅದು ಆಗದ ಮಾತು. ನನ್ನ ಫ್ಯಾಕ್ಟರಿ ಗೆಜ್ಜಲಗೆರೆಯಲ್ಲಿ. ಅದರ ಹತ್ತಿರವೇ ಹೈವೇಗೆ ಅಂಟಿದ ಹಾಗೆ ಒಂದು ನೆಲಮನೆ ಹುಡುಕಿದರೆ ನಾನೂ ಹತ್ತಿರ, ಆಸ್ಪತ್ರೆಯೂ ಹತ್ತಿರ ಎಂದು ಲೆಕ್ಕ ಹಾಕಿದೆ. ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಆಷಾಢ ಎದುರಿಗೇ ನಿಂತಿತ್ತು. ಆಷಾಢದಲ್ಲಿ ಯಾರೂ ಮನೆ ಬದಲಾಯಿಸುವುದಿಲ್ಲ, ಏಳು ತುಂಬಿದ ಮೇಲೆ ಬಸುರಿಯನ್ನು ಹೊಸ ಹೊಸ್ತಿಲು ದಾಟಿಸುವುದಿಲ್ಲ. ಆಷಾಢ ಕಳೆಯುವಷ್ಟರಲ್ಲಿ ಏಳು ತುಂಬುತ್ತಿತ್ತು. ಹೀಗಾಗಿ ಸಿಕ್ಕಿದ ಮೊದಲ ಮನೆಗೇ ಅಡ್ವಾನ್ಸು ಕೊಟ್ಟು ಕೈ ತೊಳೆದುಕೊಂಡೆ.

ಮದ್ದೂರಿಗೂ ಗೆಜ್ಜಲಗೆರೆಗೂ ನಡುವೆ, ಹೈವೇಯಿಂದ ಒಳಕ್ಕೆ ಸರಿದ ಹೊಸ ಬಡಾವಣೆ ಅದು. ಬಡಾವಣೆ ಅನ್ನುವುದು ಬೋರ್ಡಿನ ಮೇಲೆ. ಇದ್ದದ್ದು ಬೆರಳೆಣಿಕೆಯ ಮನೆಗಳು, ಸುತ್ತ ಕಬ್ಬು. ಒಂದೇ ಪಾಯ, ಒಂದೇ ತಾರಸಿ, ನಡುವೆ ಒಂದು ಗೋಡೆ. ಗೋಡೆಯ ಆ ಕಡೆ ಓನರಮ್ಮ ಒಬ್ಬರೇ, ಈ ಕಡೆ ನಾವು. ಕಟ್ಟಿದ ಮೇಲೆ ಬಂದ ಮೊದಲ ಬಾಡಿಗೆದಾರರು ನಾವೇ. ಮನೆ ನೋಡಲು ಹೋದಾಗ ಬಾಗಿಲು ಯಾವ ದಿಕ್ಕಿಗೆ ಎಂದು ನೋಡಿದೆ, ಬೋರಿನ ನೀರು ಬಾಯಿಗೆ ಹಾಕಿ ನೋಡಿದೆ, ಕರೆಂಟು ಎಷ್ಟು ಹೊತ್ತು ಹೋಗುತ್ತದೆ ಎಂದು ಕೇಳಿದೆ. ಫೋನನ್ನೂ ನೋಡಿದೆ. ಅಂಗಳದಲ್ಲಿ ನಿಂತು ನೋಡಿದೆ. ಸಿಗ್ನಲ್ಲಿನ ಕಡ್ಡಿಗಳು ತುಂಬಿದ್ದವು. ಒಳಗೆ ಹೋಗಿ ನೋಡಬೇಕು ಎಂದು ಯಾವ ದೇವರೂ ನನಗೆ ಬುದ್ಧಿ ಕೊಡಲಿಲ್ಲ.

ಹಾಲು ಉಕ್ಕಿಸಿದೆವು. ಅವಳನ್ನು ಮಂಚದ ಮೇಲೆ ಮಲಗಿಸಿ ಫೋನು ಕೈಗೆ ಕೊಟ್ಟೆ. ಅಕ್ಕನ ಮುಖ ಬಂತು, ಕೈ ಮೇಲೆದ್ದಿತು, ಅಲ್ಲೇ ನಿಂತಿತು. ಸ್ವಲ್ಪ ಹೊತ್ತಿಗೆ ಮುಖ ಚೌಕ ಚೌಕವಾಗಿ ಒಡೆಯಿತು. ನಾವು ಕಿವಿ ಇರುವವರು ಹಲೋ ಹಲೋ ಎಂದು ಕಿರುಚಿ ಹೇಗೋ ಅರ್ಥ ಮಾಡಿಕೊಳ್ಳುತ್ತೇವೆ. ಅರ್ಧಕ್ಕೆ ನಿಂತ ಕೈಯಲ್ಲಿ ಅರ್ಥ ಮಾಡಿಕೊಳ್ಳಲು ಏನೂ ಇರುವುದಿಲ್ಲ. ಮೆಸೇಜು ಕಳಿಸಿದರೆ ಅದರ ಪಕ್ಕದಲ್ಲಿ ಪುಟ್ಟ ಗಡಿಯಾರದ ಗುರುತು ಬಂದು ಕೂತುಬಿಡುತ್ತಿತ್ತು. ಯಾವಾಗಲೋ ಹೋಗುತ್ತಿತ್ತು, ಒಮ್ಮೊಮ್ಮೆ ನಾನು ಅವಳ ಫೋನು ಹಿಡಿದು ಅಂಗಳಕ್ಕೆ ಬಂದ ಮೇಲೆ ಎಲ್ಲವೂ ಒಟ್ಟಿಗೆ ಹೋಗುತ್ತಿದ್ದವು. ತಾರಸಿ ಮೇಲೆ ಚೆನ್ನಾಗಿ ಸಿಗುತ್ತಿತ್ತು. ಅವಳು ತಾರಸಿ ಹತ್ತುವ ಹಾಗಿಲ್ಲ.

ನನ್ನ ಭಯ ಒಂದೇ. ನಮ್ಮ ಫ್ಯಾಕ್ಟರಿಯಲ್ಲಿ ಒಳಗೆ ಹೋಗುವ ಮೊದಲು ಫೋನನ್ನು ಗೇಟಿನ ಪೆಟ್ಟಿಗೆಯಲ್ಲಿ ಇಟ್ಟು ಬೀಗ ಹಾಕಬೇಕು. ನಾನು ಮೆಷಿನ್ನಿನ ಮುಂದೆ ಇರುವಾಗ ಇವಳಿಗೆ ನೋವು ಬಂದರೆ ಯಾರಿಗೆ ಹೇಳುತ್ತಾಳೆ? ನಾವು ಮಾಡಿಕೊಂಡಿದ್ದ ಏರ್ಪಾಡು ಹೀಗಿತ್ತು. ಇವಳು ವಿಡಿಯೊದಲ್ಲಿ ಅಕ್ಕನಿಗೆ ಹೇಳುವುದು. ಅಕ್ಕನ ಗಂಡನಿಗೆ ಕಿವಿ ಕೇಳುತ್ತದೆ, ಅವನು ಫ್ಯಾಕ್ಟರಿ ಗೇಟಿಗೆ ಫೋನ್ ಮಾಡುವುದು, ಗೇಟಿನವರು ನನ್ನನ್ನು ಕರೆಯುವುದು. ಇಷ್ಟಕ್ಕೂ ಮೊದಲ ಕೊಂಡಿ ಆ ವಿಡಿಯೊ. ಅದೇ ಇರಲಿಲ್ಲ.

ಮೊದಲು ಮಳವಳ್ಳಿಯ ಕನೆಕ್ಷನ್ನನ್ನೇ ಇಲ್ಲಿಗೆ ಬದಲಾಯಿಸಿಕೊಡಿ ಎಂದು ಆ ಕಂಪನಿಗೆ ಫೋನ್ ಮಾಡಿದೆ. ಹಾಡು ಕೇಳಿಸಿ ಕೇಳಿಸಿ ಕೊನೆಗೆ ಒಬ್ಬಳು ಸಿಕ್ಕಳು. ಕನೆಕ್ಷನ್ ನನ್ನ ಹೆಂಡತಿಯ ಹೆಸರಿನಲ್ಲಿದೆ ಎಂದೆ.

“ಹಾಗಾದರೆ ಅವರೇ ಲೈನಿಗೆ ಬಂದು ಒಪ್ಪಿಗೆ ಹೇಳಬೇಕು ಸರ್.”

“ಅವಳಿಗೆ ಕಿವಿ ಕೇಳಲ್ಲ, ಮಾತು ಬರಲ್ಲ ಮೇಡಂ.”

“ಸರಿ ಸರ್. ಅವರಿಗೆ ಫೋನ್ ಕೊಡಿ, ಹೌದು ಅಂತ ಒಂದು ಮಾತು ಹೇಳಿದರೆ ಸಾಕು.”

ನಾನು ಫೋನಿಟ್ಟೆ. ಇಟ್ಟ ಮೇಲೆ ಬೈದೆ. ಯಾರಿಗೂ ಕೇಳದ ಹಾಗೆ ಬೈಯಲು ನಮ್ಮ ಮನೆಯಷ್ಟು ಅನುಕೂಲವಾದ ಮನೆ ಇನ್ನೊಂದಿಲ್ಲ, ಆದರೆ ಅವಳು ನನ್ನ ತುಟಿ ನೋಡಿ ಬೈಗುಳವನ್ನು ಮಾತ್ರ ತಪ್ಪದೆ ಓದುತ್ತಾಳೆ. ಅವತ್ತು ಓದಿದರೂ ನಗಲಿಲ್ಲ.

ಇನ್ನೊಂದು ದೊಡ್ಡ ಕಂಪನಿಯವರು, ವಯರೇ ಬೇಡ, ತಾರಸಿ ಮೇಲೆ ಡಬ್ಬಿ ಇಟ್ಟರೆ ಗಾಳಿಯಲ್ಲೇ ಬರುತ್ತದೆ ಎಂದರು. ಬಂದು ಇಟ್ಟರು. ಡಬ್ಬಿಯ ದೀಪ ಕೆಂಪಗೆ ಮಿಟುಕಿತು. ಈ ಮೂಲೆಗೆ, ಆ ಮೂಲೆಗೆ ತಿರುಗಿಸಿದರು, ಕೆಂಪಗೇ ಮಿಟುಕಿತು. ತಮ್ಮ ಟವರು ದೂರ ಎಂದು ಎತ್ತಿಕೊಂಡು ಹೋದರು. ಅವರ ವೆಬ್‌ಸೈಟಿನಲ್ಲಿ ಮಾತ್ರ ನಮ್ಮ ಪಿನ್‌ಕೋಡಿಗೆ ಸೇವೆ ಲಭ್ಯ ಎಂದು ಹಸಿರು ಟಿಕ್ಕು ಇತ್ತು.

ಉಳಿದವರು ಕೇಬಲ್‌ನವರು. ನಮ್ಮ ಜಾಗಕ್ಕೆ ಇಬ್ಬರು ಇದ್ದರು. ಒಬ್ಬನದು ಬಡಾವಣೆಯ ರಸ್ತೆಯ ಆಚೆ ಬದಿಯ ಕಂಬ, ಇನ್ನೊಬ್ಬನದು ಈಚೆ ಬದಿಯ ಕಂಬ. ಆಚೆಯವನ ಸ್ಪೀಡು ಹೆಚ್ಚು, ಬೇಗ ಬಂದು ಹಾಕುತ್ತೇನೆ ಎಂದೂ ಹೇಳಿದ. ನಾನು ಕುಣಿದಾಡಿ ಒಪ್ಪಿಬಿಡುತ್ತಿದ್ದೆ. ಈಚೆಯವನು, ನಡುವಯಸ್ಸಿನ ಸಾವಧಾನದ ಮನುಷ್ಯ, ರಸ್ತೆಯಲ್ಲಿ ನಿಂತು ಮೇಲೆ ಕೈ ತೋರಿಸಿದ.

“ಅಣ್ಣ, ಅವ್ನ ವಯರು ರಸ್ತೆ ದಾಟ್ಕೊಂಡು ಬರ್ಬೇಕು. ಸಕ್ರೆ ಫ್ಯಾಕ್ಟ್ರಿ ಕಬ್ಬು ಅರ್ಯಕ್ಕೆ ಸುರು ಆಗ್ಬುಟ್ಟದೆ. ಲೋಡು ಟ್ರ್ಯಾಕ್ಟ್ರು ಇದೇ ರಸ್ತೇಲಿ ಓಯ್ತವೆ. ಒಂದು ಟ್ರ್ಯಾಕ್ಟ್ರು ಮೇಲ್ಗಡೆ ಕಬ್ಬು ಒಸಿ ಎತ್ತರಕ್ಕೆ ಏರಿದ್ರೆ ಸಾಕು, ವಯರು ಕಿತ್ಕೊಂಡೇ ಓಯ್ತದೆ. ದಿನಾ ಕಟ್ಟೋನ್ಯಾರು? ನಂದು ಈ ಕಡಿಂದ ಸೀದಾ ನಿಮ್ಮನೆ ಗೋಡೆಗೆ.”

ಸ್ಪೀಡು ಬೇಡ, ಕಿತ್ತುಹೋಗದೆ ಇದ್ದರೆ ಸಾಕು ಎಂದು ಅವನನ್ನೇ ಗೊತ್ತುಮಾಡಿದೆ. ಅವನೂ ಹೇಳಿದ ದಿನವೇ ಬಂದ. ಏಣಿ ಹಾಕಿ ಕಂಬದಿಂದ ವಯರು ಎಳೆದ. ಗೋಡೆಗೆ ಡ್ರಿಲ್ಲು ಇಟ್ಟ. ಅಷ್ಟರಲ್ಲಿ ಓನರಮ್ಮ ಹೊಲದಿಂದ ಬಂದರು.

ಓನರಮ್ಮನ ಬಗ್ಗೆ ನ್ಯಾಯವಾಗಿ ಹೇಳಬೇಕು. ನಾವು ಬಂದ ದಿನದಿಂದ ಮಧ್ಯಾಹ್ನದ ಊಟ ಅವರದೇ. ಮುದ್ದೆ, ಉಪ್ಸಾರು, ಮೇಲೊಂದು ಲೋಟ ಮಜ್ಜಿಗೆ ತಂದು, ಇವಳು ಉಂಡು ಮುಗಿಸುವ ತನಕ ಪಕ್ಕದಲ್ಲಿ ಕೂತು, ಬಾಯಿ ಒರೆಸಲು ಸೆರಗನ್ನೇ ಕೊಡುವ ಹೆಂಗಸು. ಮೊದಲೆರಡು ದಿನ “ಮೂಗಿ” ಎಂದರು. ನಾನು ಮುಖ ಗಂಟು ಹಾಕಿದ್ದನ್ನು ಕಂಡು “ಮಗಾ” ಎಂದು ಬದಲಾಯಿಸಿಕೊಂಡರು. ಅಂಥವರು ಕುಡುಗೋಲು ಹಿಡಿದುಕೊಂಡೇ ಬಂದು ಡ್ರಿಲ್ಲಿಗೂ ಗೋಡೆಗೂ ನಡುವೆ ನಿಂತರು.

“ಏನಪ್ಪಾ ಮಾಡ್ತಿದ್ದೀಯಾ? ಬಸ್ರಿ ಎಂಗ್ಸು ಒಳಗವ್ಳೆ, ಗೋಡೆ ತೂತು ಒಡೀತೀಯಾ?”

“ಒಂದು ಸಣ್ಣ ತೂತು ಕಣಮ್ಮ, ಬೆರಳಿನಷ್ಟು,” ಎಂದೆ.

“ಬೆಳ್ಳಷ್ಟಾದ್ರೇನು, ತೋಳಷ್ಟಾದ್ರೇನು? ಒಂದು ಮೊಳೆ ಒಡೀಬಾರ್ದು, ಒಂದು ಕಲ್ಲು ಕೀಳ್ಬಾರ್ದು. ನನ್ ಮಗ್ಳು ಬಸ್ರಿ ಇದ್ದಾಗ ಕೊಟ್ಗೆ ಗೋಡೆ ಒಡುಸ್ದೋ. ಏನಾಯ್ತು ಅಂತ ಊರ್ಗೇ ಗೊತ್ತು. ಎರ್ಗೆ ಆಗ್ಲಿ, ಆಮೇಲ್ ಬೇಕಾದ್ರೆ ಗೋಡೆನೇ ಕೆಡುವ್ಕೊ.”

ಈ ಮಾತು ನನಗೆ ಹೊಸದಲ್ಲ. ಬಸುರಿಯಿರುವ ಮನೆಯಲ್ಲಿ ಗಂಡ ತೆಂಗಿನಕಾಯಿ ಒಡೆಯಬಾರದು, ಪಾಯ ತೆಗೆಸಬಾರದು, ಗೋಡೆಗೆ ಮೊಳೆ ಹೊಡೆಯಬಾರದು ಎಂದು ನನ್ನ ತಾಯಿಯೂ ಹೇಳುತ್ತಿದ್ದಳು. ಕಂಬ ಇದ್ದ ಕಡೆಯ ಗೋಡೆಗೆ ಕಿಟಕಿಯೇ ಇರಲಿಲ್ಲ, ವಾಸ್ತು ನೋಡಿ ಬಿಟ್ಟಿದ್ದರು. ಸುತ್ತು ಹಾಕಿ ಹಿಂದಿನ ಕಿಟಕಿಗೆ ತರೋಣವೆಂದರೆ ಉದ್ದಕ್ಕೂ ಕ್ಲಿಪ್ಪು ಹೊಡೆಯಬೇಕು, ಒಂದೊಂದು ಕ್ಲಿಪ್ಪಿಗೂ ಒಂದೊಂದು ಮೊಳೆ. ನಿಮ್ಮ ಕಡೆಗೇ ವೈಫೈ ಡಬ್ಬಿ ಇಟ್ಟುಕೊಳ್ಳಿ ಅಮ್ಮ, ಗೋಡೆ ದಾಟಿ ಬರುತ್ತದೆ ಎಂದು ಅಂಗಲಾಚಿದೆ. ಒಂದೇ ಪಾಯ, ಒಂದೇ ತಾರಸಿ, ಎಲ್ಲಿ ಹೊಡೆದರೂ ಬಸುರಿ ಮನೆಯ ಗೋಡೆಯೇ ಎಂದರು.

ಓದಿದವನು, ಫ್ಯಾಕ್ಟರಿಯಲ್ಲಿ ಕಂಪ್ಯೂಟರ್ ಮೆಷಿನ್ ಓಡಿಸುವವನು, ಇದೆಲ್ಲ ಮೂಢನಂಬಿಕೆ ಎಂದು ಎದೆ ತಟ್ಟಿ ಹೇಳಬಹುದಿತ್ತು. ಒಂದು ಮಗು ಕಳೆದುಕೊಳ್ಳದೆ ಇದ್ದಿದ್ದರೆ ಹೇಳುತ್ತಿದ್ದೆ. ತೂತು ಹೊಡೆದು, ಆಮೇಲೆ ಏನಾದರೂ ಆದರೆ, ಆ ತೂತಿನಿಂದ ಆಗಲಿಲ್ಲ ಎಂದು ನನಗೆ ನಾನು ಜನ್ಮದಲ್ಲಿ ಸಮಾಧಾನ ಹೇಳಿಕೊಳ್ಳಲಾರೆ. ತೂತು ಹೊಡೆಯದೆ, ಅವಳು ಯಾರನ್ನೂ ಕರೆಯಲಾಗದೆ ಏನಾದರೂ ಆದರೆ, ಆಗಲೂ ಹೇಳಿಕೊಳ್ಳಲಾರೆ. ಎರಡು ಭಯ ಎರಡು ಕಡೆಯಿಂದ ಹಿಡಿದು ಎಳೆದವು. ಕೇಬಲ್‌ನವನು ಡ್ರಿಲ್ಲು ಹಿಡಿದು ನನ್ನ ಮುಖ ನೋಡುತ್ತಿದ್ದ. ನಾನು ಬೇಡ ಎಂದು ತಲೆಯಾಡಿಸಿದೆ.

ಒಳಗೆ ಬಂದು ಅವಳಿಗೆ ಹೇಳಿದೆ. ಮಲಗಿದ್ದಲ್ಲಿಂದಲೇ ಅವಳ ಕೈ ಚುರುಕಾಗಿ ಆಡಿತು: “ಹೊಟ್ಟೆ ನಂದು. ನನ್ನನ್ನ ಯಾರಾದ್ರೂ ಕೇಳಿದ್ರಾ?” ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಆಗಲೂ ಕೇಳಲಿಲ್ಲ, ನಾಳೆ ಏನಾದರೂ ಮಾಡೋಣ ಎಂದೆ.

ಕೇಬಲ್‌ನವನು ಪಾಪ, ಮುಂಬಾಗಿಲ ಸಂದಿಯಲ್ಲೇ ವಯರು ತೂರಿಸಿ ಡಬ್ಬಿಯನ್ನು ಕುರ್ಚಿಯ ಮೇಲೆ ಇಟ್ಟುಕೊಟ್ಟ. ಒಂದು ಪೊಟ್ಟಣ ಕ್ಲಿಪ್ಪನ್ನೂ ಮೊಳೆ ಸಮೇತ ಕಿಟಕಿಯ ಮೇಲೆ ಬಿಟ್ಟುಹೋದ. ದೀಪ ಹಸಿರಾಯಿತು. ಆ ಒಂದು ದಿನ ಅಕ್ಕತಂಗಿಯರು ಮಾತಾಡಿದ್ದನ್ನು ನೋಡಬೇಕಿತ್ತು. ಬಾಕಿ ಉಳಿದದ್ದೆಲ್ಲ ಒಟ್ಟಿಗೆ ಹೊರಗೆ ಬಂತು. ನನ್ನನ್ನೂ ಚೆನ್ನಾಗಿ ಆಡಿಕೊಂಡರು. ಮಾರನೆಯ ದಿನ ಗಾಳಿಗೆ ಬಾಗಿಲು ಧಡಾರನೆ ಬಡಿದು ವಯರಿನ ಒಳಗಿನ ಗಾಜಿನ ಎಳೆ ತುಂಡಾಯಿತು.

“ಬಾಗ್ಲಲ್ಲಿ ತಂದ್ರೆ ಇಂಗೇ ಆಗೋದು ಅಣ್ಣ. ತಿರ್ಗಾ ಜೋಡಿಸ್ತೀನಿ, ತಿರ್ಗಾ ತುಂಡಾಯ್ತದೆ. ಆ ಯಮ್ಮನ್ ಒಪ್ಸು, ಅರ್ಧ ಗಳಿಗೆ ಕೆಲ್ಸ,” ಎಂದು ಕೇಬಲ್‌ನವನು ಫೋನಿನಲ್ಲಿ ಹೇಳಿದ. ಒಪ್ಪಿಸಲು ಹೋದೆ. ಓನರಮ್ಮ ಮಾತೇ ಎತ್ತಗೊಡಲಿಲ್ಲ. ಕಿಟಕಿಯ ಮೇಲಿದ್ದ ಮೊಳೆ ಪೊಟ್ಟಣ ಅವರ ಕಣ್ಣಿಗೆ ಬಿದ್ದಿತ್ತು. ಅದನ್ನು ಹೊರಗೆ ಬಿಸಾಕು ಎಂದರು. ನಾನು ಬಿಸಾಕಲಿಲ್ಲ.

ಆಮೇಲಿನ ದಿನಗಳಲ್ಲಿ ಅವಳ ಕೈ ನಿಂತುಹೋಯಿತು. ಕಿವಿ ಇರುವವರ ಮನೆಯಲ್ಲಿ ಹೆಂಡತಿ ಮಾತು ಬಿಟ್ಟರೆ ಕೋಪ ಎಂದು ತಿಳಿಯುತ್ತಾರೆ. ಇವಳು ಎರಡೂ ಕೈಯನ್ನು ಕಂಕುಳಲ್ಲಿ ಸೇರಿಸಿಕೊಂಡು ಗೋಡೆಯ ಕಡೆ ತಿರುಗಿ ಮಲಗುತ್ತಿದ್ದಳು. ನಾನು ಭುಜ ಮುಟ್ಟಿ ತಿರುಗಿಸಿ ಏನಾದರೂ ಕೇಳಿದರೆ ಕಣ್ಣು ಮುಚ್ಚುತ್ತಿದ್ದಳು. ಕಣ್ಣು ಮುಚ್ಚಿದರೆ ಮುಗಿಯಿತು, ನನ್ನ ಮಾತು ಅವಳ ಒಳಕ್ಕೆ ಹೋಗಲು ಬೇರೆ ದಾರಿ ಇಲ್ಲ. ರಜೆ ಕೇಳಿದೆ. ಹೆರಿಗೆಗೆ ಉಳಿಸಿಕೊ ಎಂದರು ಸೂಪರ್‌ವೈಸರು, ಅವರು ಹೇಳಿದ್ದೂ ಸರಿಯೇ. ಮೆಷಿನ್ನಿನ ಮುಂದೆ ನಿಂತಾಗ ಗೇಟಿನ ಕಡೆಯಿಂದ ಯಾರು ನಡೆದು ಬಂದರೂ ಕೆಲಸ ಬಿಟ್ಟು ನೋಡುತ್ತಿದ್ದೆ. ಯಾರೂ ಬರದಿದ್ದರೆ ಅದಕ್ಕಿಂತ ಹೆಚ್ಚು ಹೆದರುತ್ತಿದ್ದೆ, ಯಾಕೆಂದರೆ ನೋವು ಬಂದರೂ ಯಾರೂ ಬರುವ ಹಾಗಿರಲಿಲ್ಲ.

ಆ ದಿನ ನನ್ನದು ಮೊದಲ ಪಾಳಿ. ಮುಗಿಸಿ ಗೇಟಿಗೆ ಬಂದು ಫೋನು ತೆಗೆದರೆ ಏನೂ ಇರಲಿಲ್ಲ. ಒಂದು ಮೆಸೇಜೂ ಇಲ್ಲ. ಸದ್ಯ ಎಂದುಕೊಂಡೆ. ಹೂಕೋಸು ಕೊಂಡೆ, ನಿಂತು ಟೀ ಕುಡಿದೆ. ಮನೆಯ ಮುಂದೆ ಬೈಕು ನಿಲ್ಲಿಸುವಷ್ಟರಲ್ಲಿ ಓನರಮ್ಮ ತಮ್ಮ ಬಾಗಿಲಲ್ಲಿ ಸೊಂಟದ ಮೇಲೆ ಕೈ ಇಟ್ಟು ಕಾಯುತ್ತಿದ್ದರು.

“ಏನಪ್ಪಾ, ನಿಂಗೆ ನನ್ ಮಾತು ಅಂದ್ರೆ ಅಷ್ಟು ಸಸಾರ ಆಗೋಯ್ತಾ? ಬ್ಯಾಡ ಬ್ಯಾಡ ಅಂದ್ರೂ ಬಸ್ರಿ ಕೈಲೇ ಮೊಳೆ ಒಡಿಸ್ತಿದ್ದೀಯಲ್ಲ! ಬೆಳಗ್ಗಿಂದ ಗೋಡೆಗೆ ಟಕ್ ಟಕ್, ಟಕ್ ಟಕ್. ಆಮೇಕೆ ನಾನೂ ಈ ಕಡಿಂದ ಒನ್ಕೇಲಿ ನಾಕು ಗುದ್ದಿ ಏಳ್ದೆ, ನಿಲ್ಸು ಅಂತ. ನಿಲ್ಲಿಸ್ಲೇ ಇಲ್ಲ. ನಂಗೂ ರೇಗೋಯ್ತು. ಊಟಾನೂ ತರ್ಲಿಲ್ಲ, ಏನಾರ ಮಾಡ್ಕಳ್ಳಿ ಅಂತ ಬುಟ್ಬುಟ್ಟೆ.”

ನನ್ನ ಕೈಯಲ್ಲಿದ್ದ ಚೀಲ ಬಿದ್ದದ್ದು ಗೊತ್ತಾಗಲಿಲ್ಲ. ಒಳಗೆ ಓಡಿದೆ. ಕ್ಲಿಪ್ಪಿನ ಪೊಟ್ಟಣ ಕಿಟಕಿಯ ಮೇಲೆ ಬಿಚ್ಚದೆ ಹಾಗೆಯೇ ಇತ್ತು. ಅವಳು ಮಂಚದಿಂದ ಇಳಿದು ಗೋಡೆಯ ಬುಡದಲ್ಲಿ ಮಗ್ಗುಲಾಗಿ ಬಿದ್ದಿದ್ದಳು. ಒಂದು ಕೈಯಲ್ಲಿ ನೀರಿನ ಸ್ಟೀಲ್ ಲೋಟ ಇತ್ತು, ಅದರ ಅಂಚು ಸೊಟ್ಟಗಾಗಿತ್ತು. ಗೋಡೆಯ ಹೊಸ ಬಣ್ಣ ಅಲ್ಲಲ್ಲಿ ಎದ್ದುಬಂದಿತ್ತು. ಇನ್ನೊಂದು ಅಂಗೈಯನ್ನು ಗೋಡೆಗೆ ಒತ್ತಿ ಹಿಡಿದಿದ್ದಳು. ಸೀರೆಯ ಮೇಲೆ ರಕ್ತ ಇತ್ತು.

ನನ್ನ ಹಿಂದೆಯೇ ಬಂದ ಓನರಮ್ಮ ಲೋಟ ನೋಡಿದರು, ಗೋಡೆ ನೋಡಿದರು. ಅವರ ಬಾಯಿಂದ ಒಂದು ಸ್ವರ ಬಂತು, ಅದು ಮಾತಲ್ಲ. ಆಮೇಲೆ ನಡೆದದ್ದನ್ನು ನಡೆಸಿದವರು ಅವರೇ. ರಸ್ತೆಗೆ ಓಡಿ, ಹೋಗುತ್ತಿದ್ದ ಗೂಡ್ಸ್ ಆಟೊಗೆ ಅಡ್ಡ ನಿಂತು ನಿಲ್ಲಿಸಿದರು, ತಮ್ಮ ಹಾಸಿಗೆಯನ್ನೇ ತಂದು ಹಾಸಿದರು, ಮಂಡ್ಯದ ತನಕ ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತರು. ನಾನು ಅವಳ ಕಾಲು ಹಿಡಿದುಕೊಂಡು, ಹೈವೇಯಲ್ಲಿ ನಮ್ಮನ್ನು ದಾಟಿ ಹೋಗುವ ಒಂದೊಂದು ಕಾರಿಗೂ ಶಾಪ ಹಾಕುತ್ತಿದ್ದೆ.

ಡಾಕ್ಟರಮ್ಮ ಹೊಟ್ಟೆಯ ಮೇಲೆ ಮೆಷಿನ್ನು ಆಡಿಸಿ, ಪರದೆಯನ್ನು ಅವಳ ಕಡೆ ತಿರುಗಿಸಿದರು. ಮಗುವಿನ ಎದೆ ಬಡಿಯುತ್ತಿತ್ತು. ಅದರ ಸದ್ದು ನಮಗೆ ಕೇಳಿಸಿತು, ಅವಳಿಗೆ ಪರದೆಯ ಮೇಲೆ ಕಂಡಿತು. ಇನ್ನು ಸ್ವಲ್ಪ ತಡವಾಗಿದ್ದರೆ ನನ್ನಿಂದ ಏನೂ ಹೇಳಲಾಗುತ್ತಿರಲಿಲ್ಲ ಎಂದು ಡಾಕ್ಟರಮ್ಮ ನನ್ನನ್ನು ಬಾಗಿಲ ಹೊರಗೆ ಕರೆದು ಹೇಳಿದರು. ಓನರಮ್ಮ ಅಲ್ಲೇ ಬೆಂಚಿನ ಮೇಲಿದ್ದರು.

ವಾರ್ಡಿನಲ್ಲಿ ಅವಳು ಕಣ್ಣು ತೆರೆದಾಗ, ಸೂಜಿ ಚುಚ್ಚದ ಕೈಯಲ್ಲಿ ನನ್ನನ್ನು ಕೇಳಿದ ಮೊದಲ ಮಾತು ಇದು: “ನಾನು ಬಡಿದದ್ದು ಆ ಕಡೆ ಕೇಳಿಸ್ತಾ?”

ಏನು ಹೇಳಲಿ? ಕೇಳಿಸಿತು ಎಂದರೆ ಮುಂದಿನ ಪ್ರಶ್ನೆ, ಮತ್ತೆ ಯಾಕೆ ಬರಲಿಲ್ಲ. ನಾಳೆಯಿಂದ ಮತ್ತೆ ಅದೇ ಮನೆ, ಅದೇ ಓನರಮ್ಮನ ಕೈಯ ಊಟ, ನಾನು ಇಲ್ಲದ ಹೊತ್ತಿನಲ್ಲಿ ಅವಳಿಗೆ ಇರುವ ಒಂದೇ ಒಂದು ಜೀವ. “ಗೋಡೆ ದಪ್ಪ,” ಎಂದು ಕೈ ಆಡಿಸಿದೆ. ಅವಳು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ ಕಣ್ಣು ಮುಚ್ಚಿದಳು. ನಂಬಿದಳು ಎಂದುಕೊಂಡೆ.

ಆಸ್ಪತ್ರೆಯಿಂದ ಬಿಟ್ಟ ದಿನ ಮನೆಗೆ ಬಂದರೆ ಕೇಬಲ್‌ನವನು ಏಣಿ ಹಾಕಿಕೊಂಡು ಗೇಟಿನ ಹತ್ತಿರ ಬೀಡಿ ಸೇದುತ್ತಾ ಕಾಯುತ್ತಿದ್ದ. ಓನರಮ್ಮನೇ ಹುಡುಕಿಸಿ ಕರೆಸಿದ್ದರಂತೆ. ಅವರು ಗೋಡೆಗೆ ಅರಿಶಿನ ಕುಂಕುಮ ಇಟ್ಟಿದ್ದರು. ಅಡುಗೆಮನೆಯ ಕಡೆ ಮುಖ ಮಾಡಿಕೊಂಡು, “ಒಡೀರಪ್ಪ,” ಎಂದರು. ಡ್ರಿಲ್ಲು ತಿರುಗುವಾಗ ಸೆರಗನ್ನು ಬಾಯಿಗೆ ತುರುಕಿಕೊಂಡು ನಿಂತಿದ್ದರು. ನಾನೂ ಉಸಿರು ಹಿಡಿದಿದ್ದೆ, ಸುಳ್ಳು ಯಾಕೆ ಹೇಳಲಿ. ನಮ್ಮ ಮನೆಯಲ್ಲಿ ಆ ತೂತಿಗೆ ಹೆದರದೆ ಇದ್ದವಳು ಮಂಚದ ಮೇಲೆ ಮಲಗಿದ್ದವಳು ಒಬ್ಬಳೇ. ಮಗು ಆಮೇಲೆ ಹುಟ್ಟಬೇಕಾದ ತಿಂಗಳಿಗೆ ಹುಟ್ಟಿತು, ಹೆಣ್ಣು, ಗಟ್ಟಿಯಾಗಿದೆ. ಓದುವವರು ಅದೊಂದನ್ನೇ ಕಾಯುತ್ತಿರುತ್ತೀರಿ ಎಂದು ಈಗಲೇ ಹೇಳಿಬಿಟ್ಟೆ. ಆದರೆ ನನ್ನ ಮನಸ್ಸಿನಲ್ಲಿ ಉಳಿದಿರುವುದು ಹೆರಿಗೆಯ ದಿನವಲ್ಲ, ವಯರು ಬಂದ ಆ ಮಧ್ಯಾಹ್ನ.

ದೀಪ ಹಸಿರಾಯಿತು. ಅಕ್ಕನ ಮುಖ ಬಂತು. ಅಕ್ಕನಿಗೆ ಆಸ್ಪತ್ರೆಯ ವಿಷಯ ಗಂಡನ ಮೂಲಕ ಅಷ್ಟಿಷ್ಟು ಗೊತ್ತಾಗಿತ್ತು, ಅಳುತ್ತಲೇ ಬಂದಳು. ಇವಳು ಅಳಲಿಲ್ಲ. ದಿಂಬಿಗೆ ಒರಗಿ ಕೂತು, ಇಷ್ಟು ದಿನ ಕಂಕುಳಲ್ಲಿ ಸೇರಿಸಿಕೊಂಡಿದ್ದ ಎರಡು ಕೈಯನ್ನೂ ಹೊರಗೆ ತೆಗೆದು ಆ ದಿನದ್ದನ್ನು ಮೊದಲಿನಿಂದ ಹೇಳತೊಡಗಿದಳು. ನಾನು ಬಾಗಿಲ ಹತ್ತಿರ ನಿಂತಿದ್ದೆ. ಓನರಮ್ಮ ಊಟದ ತಟ್ಟೆ ಹಿಡಿದುಕೊಂಡು ನನ್ನ ಪಕ್ಕದಲ್ಲಿ ನಿಂತಿದ್ದರು. ಅವರ ಕಣ್ಣು ಆ ಕೈಗಳ ಮೇಲೆಯೇ ಇತ್ತು.

ನೋವು ಬಂತು, ಎಂದಳು ಇವಳು. ಮೆಸೇಜು ಹೋಗಲಿಲ್ಲ. ಲೋಟ ತಗೊಂಡು ಗೋಡೆಗೆ ಬಡಿದೆ. ತುಂಬ ಬಡಿದೆ. ಆಮೇಲೆ ಆ ಕಡೆಯಿಂದ ಉತ್ತರ ಬಂತು. ಅಂಗೈಗೆ ಚೆನ್ನಾಗಿ ಗೊತ್ತಾಯಿತು, ದೊಡ್ಡ ಪೆಟ್ಟು, ನಾಲ್ಕು ಸಲ. ಕೇಳಿಸಿದೆ, ಬರುತ್ತಾರೆ ಅಂದುಕೊಂಡೆ. ಬಾಗಿಲ ತನಕ ಹೇಗಾದರೂ ತೆವಳಿಕೊಂಡು ಹೋಗಿಬಿಡಬೇಕು ಅಂತಿದ್ದೆ. ಉತ್ತರ ಬಂತಲ್ಲ, ಅದಕ್ಕೇ ಹೋಗಲಿಲ್ಲ. ಮತ್ತೆ ಮತ್ತೆ ಬಡಿದುಕೊಂಡು ಅಲ್ಲೇ ಕಾದೆ.

ನನ್ನ ಕಡೆ ನೋಡದೆಯೇ ಸೇರಿಸಿದಳು: ಇವನು ಗೋಡೆ ದಪ್ಪ ಅಂದ.

ಓನರಮ್ಮ ನನ್ನ ತೋಳು ಮುಟ್ಟಿದರು. “ಏನಂತವ್ಳಪ್ಪ? ನನ್ ಮಾತೇನಾರ ಎತ್ತುದ್ಲಾ?”

ಇನ್ನೊಂದು ಸುಳ್ಳು ಹುಡುಕಲು ನನಗೆ ಆಗಲಿಲ್ಲ. ಅವಳು ಹೇಳಿದ ಅಷ್ಟನ್ನೂ, ಅವಳು ಹೇಳಿದ ಹಾಗೆಯೇ, ಬಾಯಿಬಿಟ್ಟು ಹೇಳಿದೆ. ಒನಕೆಯ ನಾಲ್ಕು ಗುದ್ದು, ಉತ್ತರ ಬಂತು ಎಂದು ಕಾದದ್ದು, ಎಲ್ಲ. ಓನರಮ್ಮ ತಟ್ಟೆಯನ್ನು ನೆಲದ ಮೇಲೆ ಇಟ್ಟು ಅದರ ಪಕ್ಕದಲ್ಲೇ ಕುಕ್ಕರುಗಾಲಿನಲ್ಲಿ ಕೂತುಬಿಟ್ಟರು. ಇವಳು ಆಗ ತಲೆಯೆತ್ತಿ ನಮ್ಮಿಬ್ಬರನ್ನೂ ನೋಡಿದಳು. ಪರದೆಯಲ್ಲಿ ಅಕ್ಕ ಒಂದೇ ಸಮನೆ ಕೈ ಆಡಿಸಿ ಕೇಳುತ್ತಿದ್ದಳು, ಮತ್ತೆ ಯಾಕೆ ಬರಲಿಲ್ಲ ಅವರು, ಯಾಕೆ ಬರಲಿಲ್ಲ ಎಂದು.